ಶಿಕ್ಷಕರ ಮೇಲಿನ ದೂರು: ರಾಜಿ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

(ಸಂಘದ ಆಶ್ರಯದಲ್ಲಿ ಮುಂಬಯಿಯಲ್ಲಿ ಸೇರಿದ ಪಾಲಕರ ಹಾಗೂ ಶಿಕ್ಷಕರ ಸಭೆಯಲ್ಲಿ ನಮ್ಮ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಶಿಕ್ಷಕರ ವಿಷಯ ಮಾತನಾಡಲು ಹೋಟೆಲಿನವರು ಯಾಕೆ ಎದ್ದು ನಿಂತರೆಂದು ಕೆಲವರಿಗೆ ಅನ್ನಿಸಬಹುದು. ಅನ್ನಿಸಿದರೆ ತಪ್ಪಲ್ಲ. ನಾವು ಏಳನೆಯ ಇಯತ್ತೆ ದಾಟಿದವರಲ್ಲ. ಪಾಠ ಹೇಗೆ ಹೇಳಬೇಕೆಂಬುದು ನಮಗೆ ತಿಳಿಯದು. ಆದರೆ ದುಡಿದು ತಿನ್ನುವ ಮನುಷ್ಯನ ಮೇಲೆ ದೂರು ಬಂದರೆ ಏನೇನಾಗುತ್ತದೆಂಬುದು ನಮಗೆ ಚೆನ್ನಾಗಿ ತಿಳಿದಿದೆ. ಗಲ್ಲಾದ ಹತ್ತಿರ ಕರೆದು, “ನಿನ್ನ ಮೇಲೆ ಕಂಪ್ಲೇಂಟು ಬಂದಿದೆ, ನಾಳೆಯಿಂದ ಬರಬೇಡ” ಎಂದು ಹೇಳಿಸಿಕೊಂಡವರು ಈ ಸಭೆಯಲ್ಲಿಯೇ ಎಷ್ಟು ಮಂದಿ ಇಲ್ಲ! ಯಾರು ದೂರಿದರು, ಏನೆಂದು ದೂರಿದರು, ನಮ್ಮ ಮಾತನ್ನು ಕೇಳುವವರು ಯಾರು, ಒಂದಕ್ಕೂ ಉತ್ತರವಿರಲಿಲ್ಲ. ಆ ಉತ್ತರವನ್ನು ಕೇಳುವ ಸಲುವಾಗಿಯೇ ನಾವು ಸಂಘ ಕಟ್ಟಿಕೊಂಡೆವು.

ಆದುದರಿಂದ ನಮಗೆ ಎರಡು ಋಣಗಳಿವೆ. ಕೇಳದೆ ಶಿಕ್ಷೆ ಕೊಡುವುದು ನಮಗೆ ಅನ್ಯಾಯವಾದರೆ ಮಾಸ್ತರರಿಗೂ ಅನ್ಯಾಯವೇ. ತಪ್ಪು ಮಾಡಿದ ಧಣಿಯನ್ನು ದೊಡ್ಡವನೆಂದು ಬಿಡಬಾರದಾದರೆ ತಪ್ಪು ಮಾಡಿದ ಶಿಕ್ಷಕನನ್ನು ಗುರುವೆಂದು ಬಿಡಲೂಬಾರದು. ಈ ಎರಡನ್ನೂ ಕೂಡಿಸಿ ನಡೆಯುವ ದಾರಿ ಯಾವುದು? ಅದನ್ನೇ ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇವೆ.

ದೂರು ಬಂದಾಗ ಸಾಮಾನ್ಯವಾಗಿ ಎರಡು ಬಗೆಯ ಕೆಲಸ ನಡೆಯುತ್ತದೆ. ಮೊದಲನೆಯದು, ಮುಚ್ಚಿಹಾಕುವುದು. “ಶಾಲೆಯ ಹೆಸರು ಕೆಡುತ್ತದೆ, ಇರುವುದೇ ನಾಲ್ಕು ಕನ್ನಡ ಶಾಲೆ, ಸುಮ್ಮನಿರಿ” ಎಂದು ಹಿರಿಯರು ಹೇಳುತ್ತಾರೆ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕರಗುತ್ತಿರುವುದನ್ನು ಬಲ್ಲ ಪಾಲಕರು ಹೌದೆಂದು ಸುಮ್ಮನಾಗುತ್ತಾರೆ. ಎರಡನೆಯದು, ಮೊಬೈಲಿನಲ್ಲಿ ಮಾಸ್ತರರ ಫೋಟೋ ಹಾಕಿ ಚಾಳಿನಿಂದ ಚಾಳಿಗೆ ಸಾರುವುದು, ನಾಲ್ಕು ಮಂದಿ ಶಾಲೆಯ ಬಾಗಿಲಿಗೆ ನುಗ್ಗುವುದು, ಆಡಳಿತ ಮಂಡಳಿ ಹೆದರಿ ಅಂದೇ ರಾಜೀನಾಮೆ ಬರೆಸಿಕೊಳ್ಳುವುದು. ಮೊದಲನೆಯದರಲ್ಲಿ ಮಗುವಿನ ಮಾತು ಸಾಯುತ್ತದೆ. ಎರಡನೆಯದರಲ್ಲಿ ಮಾಸ್ತರರ ಮಾತು ಸಾಯುತ್ತದೆ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲವೆಂಬ ನಮ್ಮ ಹಿರಿಯರ ಗಾದೆಯನ್ನು ಇಲ್ಲಿ ನೆನೆಯಬೇಕು.

ಕಾನೂನು ಏನು ಹೇಳುತ್ತದೆ?

ರಾಜಿಯ ಮಾತಿಗೆ ಮುಂಚೆ ಕಾನೂನನ್ನು ತಿಳಿದುಕೊಳ್ಳೋಣ. ಕಾನೂನು ತಿಳಿಯದವನ ರಾಜಿ ಎಂದರೆ ಲೆಕ್ಕ ತಿಳಿಯದವನ ವ್ಯಾಪಾರ.

ಶಿಕ್ಷಕರೂ ದುಡಿಯುವವರೇ ಎಂದು ನಾವು ತಿಳಿದರೂ ಕಾನೂನು ಬೇರೆಯಾಗಿ ಕಂಡಿತು. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಶಿಕ್ಷಣ ಸಂಸ್ಥೆಗಳೂ ಕೈಗಾರಿಕೆಯ ಅರ್ಥದೊಳಗೆ ಬರುತ್ತವೆಂದಿತು. ಆದರೆ 1988ರಲ್ಲಿ ಗೋವೆಯ ಶಿಕ್ಷಕಿಯೊಬ್ಬರ ಮೊಕದ್ದಮೆಯಲ್ಲಿ ಅದೇ ಕೋರ್ಟು, ಸಂಸ್ಥೆ ಕೈಗಾರಿಕೆಯಾದರೂ ಶಿಕ್ಷಕರು ಕಾಮಗಾರರಲ್ಲ ಎಂದು ತೀರ್ಪಿತ್ತಿತು. ಹಾಗಾಗಿ ಹೋಟೆಲಿನ ಮಾಣಿಗೆ ತೆರೆದಿದ್ದ ಕಾರ್ಮಿಕ ನ್ಯಾಯಾಲಯದ ಬಾಗಿಲು ಮಾಸ್ತರರಿಗೆ ತೆರೆಯಲಿಲ್ಲ. ಅವರಿಗೆ ಬೇರೆ ಬಾಗಿಲು ಬೇಕಾಯಿತು.

ಮಹಾರಾಷ್ಟ್ರದಲ್ಲಿ ಆ ಬಾಗಿಲು ಖಾಸಗಿ ಶಾಲಾ ನೌಕರರ 1977ರ ಕಾಯ್ದೆ ಮತ್ತು ಅದರ 1981ರ ನಿಯಮಗಳು. ಇದರಂತೆ ಖಾಸಗಿ ಶಾಲೆಯ ಶಿಕ್ಷಕರನ್ನು ಬಾಯಿಮಾತಿನಿಂದ ತೆಗೆಯಲಾಗದು. ಆರೋಪವನ್ನು ಬರವಣಿಗೆಯಲ್ಲಿ ಕೊಟ್ಟು ಉತ್ತರ ಕೇಳಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ ಮೂವರ ವಿಚಾರಣಾ ಸಮಿತಿ ಕೂಡಬೇಕು. ಒಬ್ಬರು ಆಡಳಿತ ಮಂಡಳಿಯವರು, ಒಬ್ಬರು ಆರೋಪಕ್ಕೊಳಗಾದ ಶಿಕ್ಷಕರೇ ಯಾವುದಾದರೂ ಖಾಸಗಿ ಶಾಲೆಯ ನೌಕರರಿಂದ ಆರಿಸಿಕೊಂಡವರು, ಮೂರನೆಯವರು ರಾಜ್ಯ ಅಥವಾ ರಾಷ್ಟ್ರ ಪ್ರಶಸ್ತಿ ಪಡೆದ ಶಿಕ್ಷಕರ ಪಟ್ಟಿಯಿಂದ ಬಂದವರು. ಕೆಲಸದಿಂದ ತೆಗೆದರೆ 30 ದಿನಗಳೊಳಗೆ ಶಾಲಾ ನ್ಯಾಯಮಂಡಳಿಗೆ ಅಪೀಲು ಹೋಗಬಹುದು. ನೋಡಿ, ಆರೋಪಿಯೇ ಒಬ್ಬ ಪಂಚನನ್ನು ಆರಿಸುವ ಹಕ್ಕು! ನಮ್ಮ ಹೋಟೆಲುಗಳಲ್ಲಿ ಇಂಥ ಹಕ್ಕು ಕನಸಿನಲ್ಲಿಯೂ ಕಂಡದ್ದಿಲ್ಲ.

ಇನ್ನು ಮಕ್ಕಳ ಕಡೆಯ ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. 24ನೆಯ ಕಲಮು ಶಿಕ್ಷಕರು ಹೊತ್ತಿಗೆ ಸರಿಯಾಗಿ ಬರಬೇಕು, ಪಾಠ ಪೂರೈಸಬೇಕು, ಪಾಲಕರನ್ನು ಕಾಣಬೇಕು ಎನ್ನುತ್ತದೆ. 28ನೆಯದು ಶಿಕ್ಷಕರ ಖಾಸಗಿ ಟ್ಯೂಶನ್ನನ್ನು ತಡೆಯುತ್ತದೆ. 32ನೆಯದರಂತೆ ಸ್ಥಳೀಯ ಪ್ರಾಧಿಕಾರಕ್ಕೆ ಬರೆದುಕೊಟ್ಟ ದೂರನ್ನು ಎರಡೂ ಕಡೆಯವರನ್ನು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಸರಕಾರಿ, ಪಾಲಿಕೆಯ ಹಾಗೂ ಅನುದಾನಿತ ಶಾಲೆಗಳಲ್ಲಿ ಶಾಲಾ ವ್ಯವಸ್ಥಾಪನ ಸಮಿತಿ ಇರಬೇಕು. ಅದರಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರು. ತಾಯಂದಿರೇ, ಈ ಸಮಿತಿಯಲ್ಲಿ ತಮಗೆ ಕುರ್ಚಿ ಇದೆ. ಹೋಗಿ ಕುಳಿತುಕೊಳ್ಳಿ.

ಆದರೆ ಈ ಕಾಯ್ದೆ 6ರಿಂದ 14 ವರ್ಷದ ಮಕ್ಕಳದು. 2006ರ ಅಕ್ಟೋಬರ್ 10ರಿಂದ ಹೋಟೆಲುಗಳಲ್ಲಿ 14ರೊಳಗಿನ ಮಕ್ಕಳನ್ನು ದುಡಿಸುವುದು ನಿಷಿದ್ಧವಾಯಿತು. ಈಗ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಬರುವ ನಮ್ಮ ತಮ್ಮಂದಿರು 14 ದಾಟಿದವರು. ಅಂದರೆ ಶಿಕ್ಷಣ ಹಕ್ಕಿನ ಕೊಡೆ ಅವರ ತಲೆಯ ಮೇಲಿಲ್ಲ. ಅವರಿಗಾಗಿ ನಾವೇ ಒಂದು ವ್ಯವಸ್ಥೆ ಮಾಡಬೇಕಾಗಿರುವುದು ಇದರಿಂದಲೇ.

ರಾಜಿಗೆ ಸಲ್ಲದ ದೂರುಗಳು

ರಾಜಿ ಎಲ್ಲಿ ಸಲ್ಲದೆಂಬುದನ್ನು ಮೊದಲು ಹೇಳುತ್ತೇವೆ. ಇದನ್ನು ಮರೆತರೆ ಉಳಿದುದೆಲ್ಲ ವ್ಯರ್ಥ.

ಮಗುವಿನ ಮೈಮೇಲೆ ಕೆಟ್ಟ ಉದ್ದೇಶದಿಂದ ಕೈಯಿಟ್ಟ ದೂರು ಬಂದರೆ ಅದಕ್ಕೆ ಪಂಚಾಯಿತಿ ಇಲ್ಲ, ಸಂಧಾನ ಇಲ್ಲ, ಸಂಘದ ಕಚೇರಿಯೂ ಇಲ್ಲ. ನೇರ ಪೋಲೀಸು ಠಾಣೆ. 2012ರ ಪೋಕ್ಸೊ ಕಾಯ್ದೆಯು 18 ವರ್ಷದೊಳಗಿನ ಎಲ್ಲರಿಗೂ ಅನ್ವಯಿಸುತ್ತದೆ. ಹುಡುಗಿಗೂ, ಹುಡುಗನಿಗೂ. ಇಂಥ ಅಪರಾಧದ ಸುದ್ದಿ ತಿಳಿದವರು ಯಾರೇ ಆಗಲಿ ವರದಿ ಮಾಡಲೇಬೇಕು. ಮಾಡದಿದ್ದವರಿಗೆ ಆರು ತಿಂಗಳವರೆಗೆ ಸೆರೆಮನೆ ಉಂಟು. ತನ್ನ ಕೈಕೆಳಗಿನವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರುಷದವರೆಗೆ. ಶಿಕ್ಷಣ ಸಂಸ್ಥೆಯ ಸಿಬ್ಬಂದಿಯೇ ಅಪರಾಧಿಯಾದರೆ ಕಾಯ್ದೆ ಅದನ್ನು ಇನ್ನೂ ಘೋರವೆಂದು ಎಣಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತಲ್ಲವೆ?

ಒಮ್ಮೆ ಒಂದು ಶಾಲೆಯ ಆಡಳಿತದವರು ನಮ್ಮ ಕಚೇರಿಗೆ ಬಂದರು. ನಮ್ಮ ಸದಸ್ಯನೊಬ್ಬನ ಮಗಳ ವಿಷಯ. “ನೀವು ಹೇಳಿದರೆ ಆ ತಾಯಿ ಕೇಳುತ್ತಾಳೆ. ಮಾಸ್ತರನನ್ನು ಊರಿಗೆ ಕಳಿಸಿಬಿಡುತ್ತೇವೆ. ಹುಡುಗಿಯ ಮದುವೆಯ ಖರ್ಚಿಗೆ ಏನಾದರೂ ಕೊಡೋಣ” ಎಂದರು. ಹುಡುಗಿಗೆ ಆಗ ಹನ್ನೊಂದು ವರ್ಷ. ಅವರು ಕುಳಿತಿದ್ದಂತೆಯೇ ನಮ್ಮ ಮಹಿಳಾ ವಿಭಾಗದ ಅಕ್ಕನವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಆ ತಾಯಿಯ ಖೋಲಿಗೆ ಹೋದರು. ಸಂಜೆಯೊಳಗೆ ಠಾಣೆಯಲ್ಲಿ ದೂರು ದಾಖಲಾಯಿತು. ಅದರ ಹೆಚ್ಚಿನ ವಿವರವನ್ನು ನಾವು ಹೇಳುವುದಿಲ್ಲ. ಆ ಮಗು ಇದೇ ಊರಿನಲ್ಲಿ ಬೆಳೆಯಬೇಕಾಗಿದೆ. ಇಷ್ಟು ಮಾತ್ರ ಹೇಳುತ್ತೇವೆ: ಆ ದಿನ ನಾವು ‘ರಾಜಿ’ ಎಂಬ ಒಳ್ಳೆಯ ಶಬ್ದವನ್ನು ಕೆಟ್ಟ ಬಾಯಿಯಿಂದ ಕೇಳಿದೆವು. ಒಂದು ಮಗುವಿನ ಬಾಯಿಗೆ ಬೀಗ ಹಾಕುವ ಕೆಲಸಕ್ಕೆ ರಾಜಿ ಎಂಬ ಹೆಸರು ಸಲ್ಲದು. ಮಾಸ್ತರನನ್ನು ಊರಿಗೆ ಕಳಿಸಿದರೆ ಊರಿನಲ್ಲಿ ಮಕ್ಕಳಿಲ್ಲವೆ?

ಎರಡನೆಯದು, ಜಾತಿಯ ಹೆಸರು ಹಿಡಿದು ಅಪಮಾನ ಮಾಡುವುದು. ಪರಿಶಿಷ್ಟ ಜಾತಿ ಪಂಗಡದ ಮಗುವಿನ ಮೇಲೆ ಇದು ನಡೆದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಮೂರನೆಯದು, ಗಾಯವಾಗುವಂತೆ ಹೊಡೆದದ್ದು. ನಾಲ್ಕನೆಯದು, ಒಮ್ಮೆ ಒಪ್ಪಿ ಸಹಿ ಹಾಕಿ ಮತ್ತೆ ಅದನ್ನೇ ಮಾಡಿದ್ದು. ಇವುಗಳಿಗೆ ಕಾನೂನಿನ ವಿಚಾರಣೆಯೇ ಆಗಬೇಕು.

ರಾಜಿಗೆ ಸಲ್ಲುವ ದೂರುಗಳು

ಇವನ್ನು ಬಿಟ್ಟ ಮೇಲೆ ಉಳಿಯುವ ದೂರುಗಳೇ ಬಹಳ. ಮಾಸ್ತರರು ಹೊತ್ತಿಗೆ ಬರುವುದಿಲ್ಲ, ವಹಿಗಳನ್ನು ತಿದ್ದುವುದಿಲ್ಲ, ಟ್ಯೂಶನ್ನಿಗೆ ಬಂದವರಿಗೆ ಒಂದು ಕಣ್ಣು ಬಾರದವರಿಗೆ ಇನ್ನೊಂದು ಕಣ್ಣು, ಪಾಲಕರು ಹೋದರೆ ನಿಲ್ಲಿಸಿಯೇ ಮಾತನಾಡುತ್ತಾರೆ, ಮಕ್ಕಳನ್ನು ಹೀನಾಯವಾಗಿ ಬೈಯುತ್ತಾರೆ. ಇವು ಸಣ್ಣವೆಂದು ನಾವು ಹೇಳುತ್ತಿಲ್ಲ. ಬೈಗುಳದಿಂದ ಶಾಲೆ ಬಿಟ್ಟ ಹುಡುಗನಿಗೆ ಅದು ಇಡೀ ಬಾಳಿನ ಪ್ರಶ್ನೆ. ಆದರೆ ಇಂಥ ದೂರಿನಲ್ಲಿ ಪಾಲಕನಿಗೆ ಬೇಕಾಗಿರುವುದು ಮಾಸ್ತರರ ಹೊಟ್ಟೆಗೆ ಕಲ್ಲು ಹಾಕುವುದಲ್ಲ. ತನ್ನ ಮಗ ನಾಳೆ ನೆಮ್ಮದಿಯಿಂದ ಅದೇ ಬೆಂಚಿನ ಮೇಲೆ ಕುಳಿತು ಕಲಿಯಬೇಕು ಎಂಬುದು. ಮೂರು ಮಂದಿಯ ವಿಚಾರಣಾ ಸಮಿತಿ, ಅಪೀಲು, ಮೇಲಿನ ಕೋರ್ಟು ಎಂದು ವರ್ಷಗಳು ಉರುಳಿದರೆ ಅಷ್ಟರಲ್ಲಿ ಹುಡುಗ ಶಾಲೆಯನ್ನೇ ಮುಗಿಸಿರುತ್ತಾನೆ, ಇಲ್ಲವೆ ಬಿಟ್ಟಿರುತ್ತಾನೆ.

ನಮ್ಮ ಕೈಯಿಂದ ಹಾದುಹೋದ ಒಂದು ಪ್ರಕರಣವನ್ನು ಹೇಳುತ್ತೇವೆ. ಎರಡೂ ಕಡೆಯವರು ಹೇಳಬಹುದೆಂದು ಒಪ್ಪಿದ್ದಾರೆ. ಹೆಸರು ಬೇಡ.

ಒಂದು ರಾತ್ರಿ ಶಾಲೆ. ಬೈಂದೂರಿನ ಕಡೆಯ ಹದಿನೇಳರ ಹುಡುಗ, ಹತ್ತನೆಯ ಇಯತ್ತೆ. ಬೆಳಗಿನ ಐದಕ್ಕೆ ಇಡ್ಲಿ ಹಂಡೆಯ ಮುಂದೆ ನಿಂತವನು ಸಂಜೆಯ ತರಗತಿಯಲ್ಲಿ ತೂಕಡಿಸುತ್ತಿದ್ದ. ಒಂದು ದಿನ ಗಣಿತದ ಮಾಸ್ತರರು ಸಿಟ್ಟಿಗೆದ್ದು ಎಲ್ಲರೆದುರು, “ನಿನಗೆ ತಟ್ಟೆ ತೊಳೆಯುವುದೇ ಸರಿ, ಪುಸ್ತಕ ಯಾತಕ್ಕೆ?” ಎಂದರು. ಹುಡುಗ ಉತ್ತರ ಕೊಡಲಿಲ್ಲ. ಚೀಲ ತೆಗೆದುಕೊಂಡು ಹೊರಟುಹೋದ. ಮರುದಿನ ಅವನೊಬ್ಬನೇ ಅಲ್ಲ, ಹೋಟೆಲುಗಳಲ್ಲಿ ದುಡಿಯುವ ಹನ್ನೆರಡು ಹುಡುಗರು ಶಾಲೆಗೆ ಹೋಗಲಿಲ್ಲ. ತಟ್ಟೆ ತೊಳೆಯುವವರು ಅವರೆಲ್ಲರೂ ಅಲ್ಲವೆ? ಮಾಸ್ತರರನ್ನು ತೆಗೆಯಬೇಕೆಂದು ಅವರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟರು. ಆಡಳಿತ ಮಂಡಳಿ ಮಾಸ್ತರರನ್ನು ಕರೆದು ಖಾಲಿ ಕಾಗದ ಮುಂದಿಟ್ಟಿತು. ಇಪ್ಪತ್ತು ವರ್ಷ ಪಾಠ ಹೇಳಿದವರು. ಮನೆಯಲ್ಲಿ ಕಾಯಿಲೆಯ ಹೆಂಡತಿ.

ಎರಡೂ ಕಡೆಯವರು ಬೇರೆ ಬೇರೆಯಾಗಿ ಸಂಘಕ್ಕೆ ಬಂದರು. ಇಬ್ಬರಿಗೂ ನಾವು ಒಂದೇ ಮಾತು ಹೇಳಿದೆವು: “ನಿಮಗೆ ಮನಸ್ಸಿದ್ದರೆ ಕೂರೋಣ. ಇಲ್ಲದಿದ್ದರೆ ಕಾನೂನಿನ ದಾರಿ ತೆರೆದೇ ಇದೆ. ಆ ದಾರಿಯಲ್ಲಿಯೂ ಅರ್ಜಿ ಬರೆದುಕೊಡುತ್ತೇವೆ.” ಹುಡುಗರು ಎರಡು ದಿನ ಯೋಚಿಸಿ ಒಪ್ಪಿದರು. ಮಾಸ್ತರರು ಒಂದು ವಾರ ತೆಗೆದುಕೊಂಡರು.

ಹೋಟೆಲಿನ ಮಧ್ಯಾಹ್ನದ ಬಿಡುವಿನಲ್ಲಿ, ಮೂರು ಗಂಟೆಯ ಮೇಲೆ, ಮೂರು ಸಲ ಕೂತೆವು. ಪಂಚರು ಮೂವರು: ಹುಡುಗರು ಆರಿಸಿದ ಒಬ್ಬ ಹಿರಿಯ ಅಡುಗೆಯವರು, ಮಾಸ್ತರರು ಆರಿಸಿದ ನಿವೃತ್ತ ಶಿಕ್ಷಕಿ, ಇಬ್ಬರೂ ಒಪ್ಪಿದ ಒಬ್ಬ ಬ್ಯಾಂಕ್ ನೌಕರರು. ಮೊದಲ ದಿನ ಆರೋಪವನ್ನು ಓದಿದರು. ಮಾಸ್ತರರು, “ಆ ಮಾತು ಆಡಿದ್ದು ನಿಜ. ಆದರೆ ಪರೀಕ್ಷೆಗೆ ನಾಲ್ಕು ತಿಂಗಳಿದೆ, ಇವನು ದಿನವೂ ಮಲಗುತ್ತಾನೆ. ಇವನು ನಪಾಸಾದರೆ ಕೇಳುವುದು ನನ್ನನ್ನೇ” ಎಂದರು. ಆಗ ಹಿರಿಯ ಅಡುಗೆಯವರು ಹುಡುಗನನ್ನು ಕೇಳಿದರು: “ಎಷ್ಟು ಗಂಟೆ ನಿದ್ದೆ ಮಗಾ?” ನಾಲ್ಕು ಗಂಟೆ. ಶಾಲೆ ಬಿಟ್ಟು ಹೋದ ಮೇಲೂ ರಾತ್ರಿಯ ಪಾತ್ರೆ ಅವನದೇ. ಮಾಸ್ತರರು ಅದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಯಾರೂ ಹೇಳಿರಲಿಲ್ಲ.

ವಿಚಾರಣಾ ಸಮಿತಿ ಆಗಿದ್ದರೆ, ಆ ಮಾತು ಆಡಿದರೋ ಇಲ್ಲವೋ ಎಂಬುದಷ್ಟೇ ತೀರ್ಮಾನವಾಗುತ್ತಿತ್ತು. ನಾಲ್ಕು ಗಂಟೆಯ ನಿದ್ದೆಯ ಮಾತು ಏಳುತ್ತಿರಲಿಲ್ಲ. ಪಂಚರು ಹೋಟೆಲಿನ ಧಣಿಯನ್ನೂ ಕರೆಸಿದರು. ಕೊನೆಗೆ ಒಂದು ಕಾಗದದ ಮೇಲೆ ನಾಲ್ಕು ಮಾತು ಬರೆದರು. ಒಂದು, ಎಲ್ಲರೆದುರು ಆಡಿದ ಮಾತನ್ನು ಮಾಸ್ತರರು ಅದೇ ತರಗತಿಯಲ್ಲಿ ಎಲ್ಲರೆದುರು ಹಿಂದೆಗೆದುಕೊಳ್ಳಬೇಕು. ಎರಡು, ಗಣಿತದ ಪಾಠವನ್ನು ಮೊದಲ ತಾಸಿಗೆ ತರಬೇಕು. ಮೂರು, ಶಾಲೆಯ ದಿನಗಳಲ್ಲಿ ಆ ಹುಡುಗನಿಗೆ ರಾತ್ರಿಯ ಪಾತ್ರೆ ಇಲ್ಲವೆಂದು ಧಣಿ ಬರೆದುಕೊಡಬೇಕು. ನಾಲ್ಕು, ಒಂದು ವರ್ಷದೊಳಗೆ ಅಂಥ ಮಾತು ಮತ್ತೆ ಬಂದರೆ ನೇರ ವಿಚಾರಣೆ.

ಮಾಸ್ತರರು ತರಗತಿಯಲ್ಲಿ ಎದ್ದು ನಿಂತು ಹೇಳಿದರು. ಹೆಚ್ಚು ಹೇಳಲಿಲ್ಲ. ಹನ್ನೆರಡು ಹುಡುಗರಲ್ಲಿ ಒಂಬತ್ತು ಮಂದಿ ಮರಳಿ ಬಂದರು, ಮೂವರು ಬರಲಿಲ್ಲ. ಧಣಿ ಎರಡು ತಿಂಗಳು ಮಾತು ಉಳಿಸಿಕೊಂಡು ಆ ಮೇಲೆ ಮರೆತ. ಸಂಘ ಎರಡು ಸಲ ಹೋಗಿ ನೆನಪಿಸಬೇಕಾಯಿತು. ಹುಡುಗ ಪರೀಕ್ಷೆಗೆ ಕುಳಿತ. ಗಣಿತದಲ್ಲಿ ತೇರ್ಗಡೆಯಾದ, ಇಂಗ್ಲಿಷಿನಲ್ಲಿ ಉಳಿದ. ಈಗ ಮತ್ತೆ ಕಟ್ಟುತ್ತಿದ್ದಾನೆ. ರಾಜಿಯಿಂದ ಆಗುವುದು ಇಷ್ಟು. ಇದಕ್ಕಿಂತ ಹೆಚ್ಚು ಆಗುತ್ತದೆಂದು ನಾವು ಯಾರಿಗೂ ಆಸೆ ತೋರಿಸುವುದಿಲ್ಲ.

ಕಾಮಗಾರರ ಚರಿತ್ರೆಯಿಂದ ಪಾಠ

ಮನಸಾರೆ ಒಪ್ಪಿ ಪಂಚರಿಗೆ ಒಪ್ಪಿಸುವ ಪದ್ಧತಿ ದುಡಿಯುವವರಿಗೆ ಹೊಸದಲ್ಲ. 1918ರಲ್ಲಿ ಅಹಮದಾಬಾದಿನ ಗಿರಣಿ ಕಾಮಗಾರರು ಶೇಕಡ 35 ಹೆಚ್ಚಳ ಕೇಳಿದರು, ಮಾಲಕರು 20 ಎಂದರು. ಮುಷ್ಕರ, ಬೀಗಮುದ್ರೆ, ಗಾಂಧೀಜಿಯವರ ಮೂರು ದಿನದ ಉಪವಾಸ, ಇವೆಲ್ಲ ಆದ ಮೇಲೆ ವಿವಾದ ಪಂಚರ ಕೈಗೆ ಹೋಯಿತು. ಪಂಚರಾಗಿ ಬಂದವರು ಯಾರು? ಆನಂದಶಂಕರ ಧ್ರುವ, ಒಬ್ಬ ಪ್ರಾಧ್ಯಾಪಕರು. ಅವರು 35 ಎಂದೇ ತೀರ್ಪಿತ್ತರು. ಕಾಮಗಾರರ ಜಗಳಕ್ಕೆ ಅಂದು ಒಬ್ಬ ಶಿಕ್ಷಕರು ನ್ಯಾಯ ಹೇಳಿದರು. ಶಿಕ್ಷಕರ ಜಗಳಕ್ಕೆ ಇಂದು ಒಬ್ಬ ಅಡುಗೆಯವರು ಪಂಚರಾಗಿ ಕೂತರೆ ಋಣ ತೀರಿದಂತಾಯಿತು.

1947ರ ಕೈಗಾರಿಕಾ ವಿವಾದ ಕಾಯ್ದೆಗೆ 1956ರ ತಿದ್ದುಪಡಿಯಿಂದ 10-ಎ ಎಂಬ ಕಲಮು ಸೇರಿ, ಎರಡೂ ಪಕ್ಷದವರು ಬರವಣಿಗೆಯಲ್ಲಿ ಒಪ್ಪಿ ಪಂಚರ ಬಳಿಗೆ ಹೋಗುವ ದಾರಿಯಾಯಿತು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಆ ದಾರಿ ಅದರಲ್ಲಿಯೂ ಉಳಿದಿದೆ. ಶಿಕ್ಷಕರಿಗೆ ಈ ಕಲಮು ಅನ್ವಯಿಸದೆ ಇರಬಹುದು. ಆದರೆ ಅದರ ಬುದ್ಧಿಯನ್ನು ಎರವಲು ತರಲು ಯಾರ ಅಪ್ಪಣೆಯೂ ಬೇಡ.

ಹೊರದೇಶಗಳಲ್ಲಿಯೂ ಇದು ನಡೆದಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 1996ರ ಕಾಯ್ದೆಯಿಂದ ‘ಕಾಲೇಜ್ ಆಫ್ ಟೀಚರ್ಸ್’ ಎಂಬ ಸಂಸ್ಥೆ ಆಯಿತು. ಹೆಸರು ಕಾಲೇಜು, ಆದರೆ ಅಲ್ಲಿ ಪಾಠವಿಲ್ಲ. ಶಿಕ್ಷಕರಿಗೆ ಪರವಾನಗಿ ಕೊಡುವುದೂ ಅವರ ಮೇಲಿನ ದೂರು ಕೇಳುವುದೂ ಅದರ ಕೆಲಸ. ತಕ್ಕ ದೂರುಗಳನ್ನು ಸ್ವಸಂತೋಷದ ಒಪ್ಪಂದದಿಂದ ತೀರಿಸುವ ಏರ್ಪಾಡು ಅಲ್ಲಿದೆ. ಆದರೆ ಒಪ್ಪಂದವನ್ನು ಸಂಸ್ಥೆಯ ಸಮಿತಿ ನೋಡಿ ಒಪ್ಪಬೇಕು. ಅದೇ ದೇಶದ ಬ್ರಿಟಿಷ್ ಕೊಲಂಬಿಯಾದಲ್ಲಿ ಶಿಕ್ಷಕರು ತಮ್ಮ ತಪ್ಪನ್ನು ಒಪ್ಪಿ ಮಾಡಿಕೊಂಡ ಒಪ್ಪಂದಗಳನ್ನು ಸಾಮಾನ್ಯವಾಗಿ ಪ್ರಕಟಿಸುತ್ತಾರೆ. ಸ್ವಸಂತೋಷದ್ದೆಂದ ಮಾತ್ರಕ್ಕೆ ಗುಟ್ಟಿನದಾಗಬೇಕಿಲ್ಲ. ಈ ಮಾತನ್ನು ನಾವು ಗಂಟು ಕಟ್ಟಿಕೊಳ್ಳಬೇಕು.

ನಾವು ಮುಂದಿಡುವ ನಿಯಮಗಳು

ಸಂಘದ ಕಾರ್ಯಕಾರಿ ಸಮಿತಿಯ ಪರವಾಗಿ ತಮ್ಮ ಒಪ್ಪಿಗೆಗಾಗಿ ಈ ನಿಯಮಗಳನ್ನು ಇಡುತ್ತೇವೆ.

ಒಂದು: ದೂರು ಬರವಣಿಗೆಯಲ್ಲಿರಬೇಕು. ಬರೆಯಲು ಬಾರದ ತಾಯಿಗೆ ಸಂಘದವರು ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಬೇಕು. ದೂರಿನ ಪ್ರತಿ ಶಿಕ್ಷಕರಿಗೂ ಸಿಗಬೇಕು. ಏನು ಆರೋಪವೆಂದು ತಿಳಿಯದೆ ಯಾರೂ ಉತ್ತರ ಕೊಡಲಾರರು.

ಎರಡು: ಮೊದಲು ದೂರನ್ನು ಜರಡಿ ಹಿಡಿಯಬೇಕು. ರಾಜಿಗೆ ಸಲ್ಲದ ದೂರಾದರೆ ಅಂದೇ ಠಾಣೆಗೆ, ಇಲ್ಲವೆ ತಕ್ಕ ಅಧಿಕಾರಿಗೆ. ಈ ಜರಡಿಯಲ್ಲಿ ಇಬ್ಬರು ಮಹಿಳೆಯರು ಇದ್ದೇ ಇರಬೇಕು.

ಮೂರು: ಎರಡೂ ಕಡೆಯವರ ಒಪ್ಪಿಗೆ ಬೇಕು. ಯಾರೇ ಆಗಲಿ ಯಾವ ಹಂತದಲ್ಲಿಯೂ ಎದ್ದು ಹೋಗಬಹುದು. ಎದ್ದು ಹೋದುದನ್ನೇ ತಪ್ಪಿಗೆ ಸಾಕ್ಷಿಯೆಂದು ಎಣಿಸಕೂಡದು. ಊರಿನ ಪಂಚಾಯಿತಿಕಟ್ಟೆಯಲ್ಲಿ ದೊಡ್ಡ ಮನೆಯವರ ಮಾತಿಗೆ ತಲೆಯಾಡಿಸಿ ಬಂದ ನಮಗೆ ಒಪ್ಪಿಗೆಗೂ ಹೆದರಿಕೆಗೂ ಇರುವ ವ್ಯತ್ಯಾಸವನ್ನು ಯಾರೂ ಕಲಿಸಬೇಕಾಗಿಲ್ಲ.

ನಾಲ್ಕು: ಮಗುವನ್ನು ಶಿಕ್ಷಕರ ಎದುರು ಕೂರಿಸಿ ಸವಾಲು ಹಾಕಕೂಡದು. ಅದರ ಮಾತನ್ನು ಬೇರೆ ಖೋಲಿಯಲ್ಲಿ, ತಾಯಿ ಅಥವಾ ನಂಬಿಕೆಯ ಒಬ್ಬರು ಪಕ್ಕದಲ್ಲಿರುವಾಗ ಕೇಳಬೇಕು.

ಐದು: ದುಡ್ಡು ರಾಜಿಯ ಆಧಾರವಾಗಕೂಡದು. ಕೆಲಸದ ಸ್ಥಳದಲ್ಲಿ ಮಹಿಳೆಯರಿಗಾಗುವ ಕಿರುಕುಳದ 2013ರ ಕಾಯ್ದೆಯಲ್ಲಿಯೂ ನೊಂದ ಹೆಂಗಸು ತಾನಾಗಿ ಕೇಳಿದರೆ ಮಾತ್ರ ಸಂಧಾನ ಉಂಟು, ಅದೂ ಹಣದ ಆಧಾರದ ಮೇಲೆ ಅಲ್ಲ. ಶಿಕ್ಷಕರು ಹೆಚ್ಚಾಗಿ ಪಡೆದ ಹಣವನ್ನು ಹಿಂದಿರುಗಿಸುವುದು ಬೇರೆ, ಬಾಯಿ ಮುಚ್ಚಲು ಕೊಡುವುದು ಬೇರೆ.

ಆರು: ರಾಜಿಯ ಹೆಸರಿನಲ್ಲಿ ರಾಜೀನಾಮೆ ಬರೆಸಕೂಡದು. ಶಿಕ್ಷಕ ಬಂಧುಗಳೇ, 1977ರ ಕಾಯ್ದೆಯ 7ನೆಯ ಕಲಮು ರಾಜೀನಾಮೆ ಕೊಡುವುದಕ್ಕೆ ಒಂದು ಕ್ರಮ ಹಾಕಿದೆ: ಎರಡು ಪ್ರತಿ, ಎರಡರಲ್ಲಿಯೂ ಸಹಿ ಮತ್ತು ತಾರೀಖು, ರಿಜಿಸ್ಟರ್ ಅಂಚೆ. ಕಚೇರಿಯಲ್ಲಿ ಕೂರಿಸಿ ಖಾಲಿ ಕಾಗದಕ್ಕೆ ಹಾಕಿಸಿಕೊಳ್ಳುವ ಸಹಿಯಿಂದ ತಮ್ಮನ್ನು ಉಳಿಸಲು ಈ ಕ್ರಮ ನೆರವಾಗುತ್ತದೆ.

ಏಳು: ಪಂಚರ ಮುಂದೆ ಆಡಿದ ಮಾತು ಪಂಚರ ಮುಂದೆಯೇ ಉಳಿಯಬೇಕು. ರಾಜಿ ಮುರಿದು ವಿಚಾರಣೆಗೆ ಹೋದರೆ, “ಅಂದು ನೀನೇ ಒಪ್ಪಿದ್ದೆ” ಎಂದು ಎತ್ತಿ ಹೊಡೆಯಕೂಡದು. ಈ ಭರವಸೆ ಇಲ್ಲದಿದ್ದರೆ ಯಾರೂ ಬಾಯಿ ಬಿಚ್ಚುವುದಿಲ್ಲ. ಆದರೆ ರಾಜಿಗೆ ಸಲ್ಲದ ಅಪರಾಧ ಅಲ್ಲಿ ಹೊರಬಿದ್ದರೆ ಈ ಭರವಸೆ ಅಲ್ಲಿಗೇ ಮುಗಿಯಿತು.

ಎಂಟು: ಒಪ್ಪಂದ ಕಾಗದದ ಮೇಲಿರಬೇಕು. ಯಾರು, ಏನು, ಯಾವ ತಾರೀಖಿನೊಳಗೆ ಮಾಡಬೇಕೆಂದು ಬರೆಯಬೇಕು. ಮೂರು ತಿಂಗಳ ಮೇಲೆ ಪಂಚರು ಮತ್ತೊಮ್ಮೆ ಹೋಗಿ ನೋಡಬೇಕು. ಹೆಸರು ಬಿಟ್ಟು ಅದರ ಸಾರವನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಬೇಕು.

ಇನ್ನೊಂದು ಎಚ್ಚರಿಕೆ. ರಾಜಿಯ ಮಾತು ನಡೆಯುತ್ತಿದೆಯೆಂದು ಕಾನೂನಿನ ಗಡಿಯಾರ ನಿಲ್ಲುವುದಿಲ್ಲ. ಅಪೀಲಿನ 30 ದಿನ ಓಡುತ್ತಲೇ ಇರುತ್ತದೆ. “ಕೂರೋಣ, ಕೂರೋಣ” ಎಂದು ಮೂವತ್ತೊಂದನೆಯ ದಿನದವರೆಗೆ ಎಳೆಯುವ ಜಾಣರು ಇದ್ದಾರೆ. ಮಾತುಕತೆ ಒಂದು ಕೈಯಲ್ಲಿದ್ದರೆ ಅರ್ಜಿ ಇನ್ನೊಂದು ಕೈಯಲ್ಲಿರಲಿ.

ಕೆಲವು ಆಕ್ಷೇಪಗಳು

“ಗುರುವನ್ನು ಪಂಚರ ಮುಂದೆ ನಿಲ್ಲಿಸುವುದು ಮರ್ಯಾದೆಯೇ?” ಎಂದು ಹಿರಿಯರು ಕೇಳಿದ್ದಾರೆ. ನಿಲ್ಲಿಸುವುದಿಲ್ಲ, ಸಮಾನರಾಗಿ ಕೂರಿಸುತ್ತೇವೆ. ಕಚೇರಿಯಲ್ಲಿ ತಲೆ ತಗ್ಗಿಸಿ ರಾಜೀನಾಮೆ ಬರೆಯುವುದಕ್ಕಿಂತ ಇದು ಹೆಚ್ಚಿನ ಮರ್ಯಾದೆಯಲ್ಲವೆ?

“ರಾಜಿಯೆಂದರೆ ತಪ್ಪಿಗೆ ರಿಯಾಯಿತಿ” ಎಂದು ತರುಣರು ಹೇಳುತ್ತಾರೆ. ತಪ್ಪು ಒಪ್ಪಿ, ಅದನ್ನು ಆಡಿದ ಜಾಗದಲ್ಲಿಯೇ ಹಿಂದೆಗೆದುಕೊಂಡು, ಒಂದು ವರ್ಷ ಕಾದು ನಡೆದು ತೋರಿಸುವುದು ಸುಲಭವೆಂದು ಅವರು ತಿಳಿದಂತಿದೆ. ಹೋಟೆಲಿನಲ್ಲಿ ಒಬ್ಬನನ್ನು ತೆಗೆದುಹಾಕುವುದು ಒಂದು ನಿಮಿಷದ ಕೆಲಸ. ಅವನನ್ನು ತಿದ್ದಿ ಇಟ್ಟುಕೊಳ್ಳುವುದು ಮೇಸ್ತ್ರಿಯ ಕಸುಬು.

“ಪಾಲಕರು ಬಡವರು, ಮಂಡಳಿಯವರು ಬಲಿಷ್ಠರು, ಎರಡೂ ತೂಕ ಸಮವಾಗುವುದು ಹೇಗೆ?” ಇದು ನಿಜವಾದ ಆಕ್ಷೇಪ. ಒಬ್ಬ ತಾಯಿ ಒಂಟಿಯಾಗಿ ಹೋದರೆ ತೂಕ ಸಮವಾಗದು. ಬಲವಿಲ್ಲದವನ ರಾಜಿ ಶರಣಾಗತಿಯೇ ಆದೀತು. ಸಂಘ ಇರುವುದು ಆ ತಕ್ಕಡಿಯಲ್ಲಿ ಒಂದು ಕಲ್ಲಾಗಿ ಕೂರುವ ಸಲುವಾಗಿ. ಆದರೆ ಸಂಘವೂ ತಾನೇ ನ್ಯಾಯಾಧೀಶನಾಗಿ ಕೂರಬಾರದು. ಪಂಚರನ್ನು ಆರಿಸುವವರು ಆ ಎರಡು ಕಡೆಯವರೇ.

ಬಂಧುಗಳೇ, ಊರು ಬಿಟ್ಟು ಬಂದ ನಮಗೆ ಈ ಮಹಾನಗರದಲ್ಲಿ ಕನ್ನಡದ ಒಂದು ಶಾಲೆ ಎಂದರೆ ಒಂದು ಮನೆ. ಮನೆಯೊಳಗಿನ ಜಗಳವನ್ನು ಬೀದಿಗೆ ಹಾಕಿದರೂ ಮನೆ ಉಳಿಯುವುದಿಲ್ಲ, ಚಾಪೆಯ ಕೆಳಗೆ ತಳ್ಳಿದರೂ ಉಳಿಯುವುದಿಲ್ಲ. ಎದುರುಬದುರು ಕೂತು, ಕೇಳಿ, ಬರೆದು, ಬರೆದಂತೆ ನಡೆದರೆ ಉಳಿದೀತು. ಮೇಲೆ ಹೇಳಿದ ಎಂಟು ನಿಯಮಗಳನ್ನು ಠರಾವಿನ ರೂಪದಲ್ಲಿ ಸಭೆಯ ಮುಂದೆ ಇಟ್ಟಿದ್ದೇವೆ. ತಿದ್ದುಪಡಿ ಇದ್ದವರು ಈಗಲೇ ಹೇಳಬೇಕು. ಮುಖ್ಯವಾಗಿ ಶಿಕ್ಷಕರು ಹೇಳಬೇಕು, ತಾಯಂದಿರು ಹೇಳಬೇಕು. ಪಂಚರಾಗಿ ಕೆಲಸ ಮಾಡಲು ಮನಸ್ಸಿರುವವರು ಬಾಗಿಲ ಬಳಿಯ ಮೇಜಿನ ಮೇಲಿರುವ ವಹಿಯಲ್ಲಿ ಹೆಸರು ಬರೆಯಿರಿ. ಓದು ಎಷ್ಟೆಂದು ನಾವು ಕೇಳುವುದಿಲ್ಲ. ಎರಡೂ ಕಿವಿ ಸರಿಯಾಗಿದ್ದರೆ ಸಾಕು.